ರಾತ್ರಿ ಇಳಿಯದ ಬಿಪಿ

ಚಿನಕುರಳಿಯ ದ್ಯಾವಮ್ಮ ತನ್ನ ಮೊಮ್ಮಗಳು ಸ್ನೇಹಳಿಗೆ ಕಿಡ್ನಿ ಕೊಟ್ಟು ಎರಡು ವರ್ಷ ದಾಟಿತ್ತು. ಊರಿಗೆ ಅದು ಹಳೇ ಸುದ್ದಿಯಾಗಿತ್ತು. ಮೊದಮೊದಲು ಅವಳು ಡೈರಿಗೆ ಹಾಲು ಹಾಕಲು ಹೋದರೆ ಹೆಂಗಸರು ಅವಳ ಸೊಂಟದ ಕಡೆ ಕದ್ದು ನೋಡುತ್ತಿದ್ದರು. ಒಂದು ಕಡೆ ಹಗುರವಾಗಿ ವಾಲಿಕೊಂಡು ನಡೆಯುತ್ತಾಳೇನೋ ಎಂಬ ಅನುಮಾನ ಅವರಿಗೆ. ದ್ಯಾವಮ್ಮ ನೆಟ್ಟಗೇ ನಡೆದಳು. ಮೊದಲಿನ ಹಾಗೇ ಹಸುಗಳನ್ನು ಕರೆದಳು, ಸಗಣಿ ಬಾಚಿದಳು, ಹುಲ್ಲಿನ ಹೊರೆಯನ್ನು ಮಾತ್ರ ಮಗನಿಗೆ ಬಿಟ್ಟಳು. ಬರುಬರುತ್ತಾ ನೋಡುವವರು ನೋಡುವುದನ್ನು ಮರೆತರು.

ಸ್ನೇಹ ಹುಟ್ಟಿದಾಗಲೇ ಅವಳ ಕಿಡ್ನಿಗಳು ಸರಿಯಾಗಿ ಬೆಳೆದಿರಲಿಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಡಯಾಲಿಸಿಸ್ಸಿಗೆಂದು ಮೈಸೂರಿಗೆ ಅಲೆಯುವ ಹಾಗಾಯಿತು. ತಾಯಿ ರಂಜಿತಳ ರಕ್ತದ ಗುಂಪು ಹೊಂದಲಿಲ್ಲ. ತಂದೆ ನಿಂಗರಾಜುಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದು ಆಸ್ಪತ್ರೆಯವರು ಕೇಳಿದಾಗ ದ್ಯಾವಮ್ಮ ಬಾಗಿಲ ಪಕ್ಕದ ಕುರ್ಚಿಯಿಂದ ಕೈ ಎತ್ತಿದ್ದಳು, ಶಾಲೆಯ ಮಕ್ಕಳು ಎತ್ತುವ ಹಾಗೆ. ಗಂಡ ಕರಿಯಪ್ಪನಿಗೆ ಅದು ಬಿಲ್‌ಕುಲ್ ಹಿಡಿಸಲಿಲ್ಲ. ಹೆಂಡತಿಗೆ ಎದುರಾಗಿ ಹೇಳಲಾರದೆ ಕೊಟ್ಟಿಗೆಯಲ್ಲಿ ನಿಂತು, "ಈ ವಯಸ್ಸಲ್ಲಿ ಒಟ್ಟೆ ಕುಯ್ಸ್ಕಂಡು ಏನಾರ ಆಗ್ಬುಟ್ರೆ ನನ್ ಗತಿ ಏನು" ಎಂದು ಹಸುವಿನ ಹತ್ತಿರ ಹೇಳಿಕೊಂಡ. ಡಾಕ್ಟರುಗಳು ದ್ಯಾವಮ್ಮನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷೆ ಮಾಡಿ, ಕೊಡಬಹುದು ಎಂದರು. ಕೊಟ್ಟಳು. ಮಗು ಬದುಕಿತು. ಬರೀ ಬದುಕಲಿಲ್ಲ, ಉದ್ದ ಬೆಳೆಯಿತು, ಆರನೇ ಕ್ಲಾಸಿಗೆ ಬಂತು, ಸೈಕಲ್ ತುಳಿಯಿತು.

ಎಲ್ಲ ಹೀಗೆ ಸರಿಯಾಗಿ ನಡೆಯುತ್ತಿರುವಾಗ, ಆಷಾಢದಲ್ಲಿ ಚೆಕಪ್ಪಿಗೆ ಹೋದವರಿಗೆ ಡಾಕ್ಟರ್ ರವೀಂದ್ರ ಒಂದು ಹೊಸ ಮಾತು ಹೇಳಿದರು. ಅವರು ಮಕ್ಕಳ ಕಿಡ್ನಿ ಡಾಕ್ಟರು, ಸ್ನೇಹಳನ್ನು ಶುರುವಿನಿಂದ ನೋಡುತ್ತಿದ್ದವರು. ಎಂದಿನಂತೆ ಬಿಪಿ ನೋಡಿದರು, ಚೆನ್ನಾಗಿತ್ತು. ರಕ್ತದ ರಿಪೋರ್ಟು ಚೆನ್ನಾಗಿತ್ತು. ಹೃದಯದ ಸ್ಕ್ಯಾನಿಂಗ್ ರಿಪೋರ್ಟನ್ನು ಮಾತ್ರ ಕೊಂಚ ಹೊತ್ತು ಕೈಯಲ್ಲೇ ಹಿಡಿದುಕೊಂಡರು.

"ಹೃದಯದ ಗೋಡೆ ಸ್ವಲ್ಪ ದಪ್ಪ ಆದ ಹಾಗಿದೆ," ಅಂದರು. "ತುಂಬಾ ಅಲ್ಲ. ಆದರೆ ಯಾಕೆ ಅಂತ ನೋಡ್ಬೇಕು. ಇಲ್ಲಿ ನಾವು ಬಿಪಿ ನೋಡೋದು ಹಗಲು ಹೊತ್ತು. ನಿದ್ದೆ ಮಾಡಿದಾಗ ಎಲ್ಲರಿಗೂ ಬಿಪಿ ಇಳಿಯುತ್ತೆ. ಕಿಡ್ನಿ ಹಾಕಿಸಿಕೊಂಡ ಮಕ್ಕಳಲ್ಲಿ ಸುಮಾರು ಜನಕ್ಕೆ ಇಳಿಯಲ್ಲ, ಕೆಲವರಿಗೆ ಏರೂ ಏರುತ್ತೆ. ಅದು ನಮಗಿಲ್ಲಿ ಗೊತ್ತಾಗಲ್ಲ."

"ಮತ್ತೆ ಎಂಗ್ ಸಾರ್ ನೋಡೋದು? ರಾತ್ರಿ ಇಲ್ಲೇ ಮಲಗಿಸ್ಬೇಕಾ?" ನಿಂಗರಾಜು ಕೇಳಿದ.

"ಬೇಡ. ಒಂದು ಪುಟ್ಟ ಮಿಷನ್ ಕಟ್ಟಿ ಕಳಿಸ್ತೀವಿ. ಒಂದು ಹಗಲು ಒಂದು ರಾತ್ರಿ ತೋಳಲ್ಲೇ ಇರುತ್ತೆ. ಅದರಷ್ಟಕ್ಕೆ ಅದೇ ಆಗಾಗ ಗಾಳಿ ತುಂಬಿಕೊಂಡು ಬಿಪಿ ನೋಡಿಕೊಳ್ಳುತ್ತೆ. ಇವಳು ಯಾವಾಗಲೂ ಇರೋ ಹಾಗೆ ಇದ್ದರಾಯ್ತು, ಊಟ, ಸ್ಕೂಲು, ನಿದ್ದೆ ಎಲ್ಲ."

ದ್ಯಾವಮ್ಮ ಅಲ್ಲೇ ಕೂತಿದ್ದಳು. ಹೃದಯ, ಬಿಪಿ, ರಾತ್ರಿ, ಇವೆಲ್ಲ ಅವಳ ಕಿವಿಗೆ ಬಿದ್ದರೂ ಮನಸ್ಸಿನಲ್ಲಿ ಎದ್ದದ್ದು ಬೇರೆಯೇ ಒಂದು ಮಾತು. ಆಪರೇಶನ್ ಆಗಿ ಬಂದ ಹೊಸದರಲ್ಲಿ ಡೈರಿಯ ಕಟ್ಟೆಯ ಮೇಲೆ ಯಾರೋ ಹೆಂಗಸು, ಕೆಟ್ಟ ಮನಸ್ಸಿನಿಂದೇನೂ ಅಲ್ಲ, ಸುಮ್ಮನೆ ಮಾತಿಗೆ ಮಾತು ಎಂದು ಹೇಳಿದ್ದಳು: "ಎಳೇ ಮೈಗೆ ಮುದ್ಕಿ ಕಿಡ್ನಿ. ಎಷ್ಟು ವರ್ಸ ಬಾಳ್ಕೆ ಬತ್ತದೋ." ಅದು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡು ಕೂತಿತ್ತು. ಕಿಡ್ನಿ ಕೊಟ್ಟವರೂ ವರ್ಷಕ್ಕೊಮ್ಮೆ ಬಂದು ತೋರಿಸಿಕೊಳ್ಳಬೇಕು ಎಂದು ಆಸ್ಪತ್ರೆಯವರು ಹೇಳಿದ್ದರೂ ಅವಳು ಹೋಗಿರಲಿಲ್ಲ. ಒಂದು ಸಲ ಹಸು ಈಯುವುದರಲ್ಲಿದೆ ಅಂದಳು, ಇನ್ನೊಂದು ಸಲ ಕಬ್ಬು ಕಡಿಯುವ ಆಳುಗಳಿಗೆ ಅಡುಗೆ ಅಂದಳು. ನಿಜವಾಗಿ, ಉಳಿದ ಒಂದು ಕಿಡ್ನಿ ನೋಡಿ ಡಾಕ್ಟರು ಎಲ್ಲಿ ಹುಳುಕು ಹೇಳುತ್ತಾರೋ, ಹುಳುಕಿನದೇ ಇನ್ನೊಂದನ್ನು ಮಗುವಿಗೆ ಕೊಟ್ಟೆನೋ ಎಂಬ ಭಯ ಅವಳಿಗೆ.

ಮಿಷನ್ನು ಕಟ್ಟಿಸಿಕೊಂಡು ಬರುವಾಗ ಸ್ನೇಹಳಿಗೆ ಸಡಗರ. ಬರೆಯುವ ಕೈಗೆ ಬೇಡವೆಂದು ನರ್ಸಮ್ಮ ಎಡತೋಳಿಗೆ ಪಟ್ಟಿ ಸುತ್ತಿ, ಸೊಂಟದ ಬೆಲ್ಟಿಗೆ ಡಬ್ಬಿ ಸಿಕ್ಕಿಸಿದ್ದರು. "ಗುರ್ ಅಂದಾಗ ಕೈ ಅಲ್ಲಾಡಿಸಬಾರದು, ಗೊಂಬೆ ಆಗಿಬಿಡಬೇಕು" ಎಂದಿದ್ದರು. ಬಸ್ಸಿನಲ್ಲಿ ಶ್ರೀರಂಗಪಟ್ಟಣದ ಸೇತುವೆ ಬರುವಷ್ಟರಲ್ಲಿ ಅದು ಗುರ್ ಅಂದಿತು. ಪಕ್ಕದ ಸೀಟಿನವನು ಮೊಬೈಲು ಎಂದುಕೊಂಡು ತನ್ನ ಜೇಬು ಮುಟ್ಟಿ ನೋಡಿಕೊಂಡ. ಸ್ನೇಹ ಕೈ ಅಲ್ಲಾಡಿಸದೆ, ಮುಖವನ್ನೂ ಅಲ್ಲಾಡಿಸದೆ, ಕಣ್ಣಲ್ಲೇ ನಕ್ಕಳು.

ಮಧ್ಯಾಹ್ನದ ಮೇಲೆ ಶಾಲೆಗೂ ಹೋಗಿ ಬಂದಳು. ಕ್ಲಾಸಿನ ಮಕ್ಕಳೆಲ್ಲ ಸುತ್ತ ನಿಂತು ಮುಂದಿನ ಗುರ್‌ಗೆ ಕಾದರಂತೆ. ಸಾಯಂಕಾಲ ಕೊಟ್ಟಿಗೆಯಲ್ಲಿ ಕರುವಿನ ಕತ್ತು ತುರಿಸುವಾಗ ಮಿಷನ್ನು ಸದ್ದು ಮಾಡಿ, ಕರು ಬೆಚ್ಚಿ ಹಿಂದಕ್ಕೆ ಹಾರಿ, ಕರಿಯಪ್ಪನ ಕೈಯ ಬೂಸದ ಬಕೆಟ್ಟು ಉರುಳಿತು.

"ಏನ್ ಕೂಸೆ ಇದು, ಒಟ್ಟೇಲಿ ಟ್ರಾಕ್ಟರು ಮಡಿಕ್ಕಂಡಿದೀಯಾ?" ಎಂದ ಕರಿಯಪ್ಪ.

"ತಾತ, ಮಾತಾಡಿಸ್ಬೇಡ. ನಾನೀಗ ಗೊಂಬೆ," ಎಂದಳು ಸ್ನೇಹ, ತುಟಿ ಅಲ್ಲಾಡಿಸದೆ.

ರಾತ್ರಿ ಅವಳು ಮಲಗುತ್ತಿದ್ದುದು ಅಜ್ಜಿಯ ಪಕ್ಕದಲ್ಲೇ. ಆಡಿ ದಣಿದಿದ್ದವಳಿಗೆ ಬೇಗ ನಿದ್ದೆ ಹತ್ತಿತು. ದ್ಯಾವಮ್ಮನಿಗೆ ಹತ್ತಲಿಲ್ಲ. ಪಟ್ಟಿ ತುಂಬಿಕೊಳ್ಳುವಾಗ ಮಗು ಮುಲುಗಿ ಕೈ ಎಳೆದುಕೊಂಡರೆ, ಇವಳು ಆ ಪುಟ್ಟ ಅಂಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಗಾಳಿ ಇಳಿಯುವವರೆಗೂ ಹಿಡಿದಿರುತ್ತಿದ್ದಳು. ಮಗುವಿನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಉಸಿರು ಸರಾಗವಾಗಿತ್ತು, ಹಣೆ ತಣ್ಣಗಿತ್ತು. ಇಷ್ಟು ನೆಮ್ಮದಿಯಾಗಿ ಮಲಗಿದ ಮಗುವಿನ ಒಳಗೆ ಏನಾದರೂ ಏರುತ್ತಿದೆ ಎಂದರೆ ಯಾರು ನಂಬಬೇಕು? ಇಷ್ಟು ದಿನ ಪಕ್ಕದಲ್ಲೇ ಮಲಗಿದ್ದೂ ತನಗೇ ತಿಳಿಯಲಿಲ್ಲವಲ್ಲ ಎಂದು ದ್ಯಾವಮ್ಮನಿಗೆ ಸಂಕಟವಾಯಿತು.

ಮಿಷನ್ನು ವಾಪಸ್ಸು ಕೊಡಲು ಹೋದ ದಿನ ಮನೆಯವರೆಲ್ಲ ಹೊರಟರು. ಕರಿಯಪ್ಪ ಕೂಡ ಬಂದು, ಒಳಗೆ ಬಾರದೆ ಕಾರಿಡಾರಿನ ಬೆಂಚಿನಲ್ಲಿ ಕೂತ. ಡಾಕ್ಟರು ಮಿಷನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಪರದೆಯ ಮೇಲಿನ ಗೆರೆಗಳನ್ನು ಇವರ ಕಡೆ ತಿರುಗಿಸಿದರು.

"ಇದು ಹಗಲು. ನೋಡಿ, ಎಲ್ಲೂ ತಕರಾರಿಲ್ಲ. ಇಲ್ಲಿಂದ ರಾತ್ರಿ. ಗೆರೆ ಕೆಳಗೆ ಬರಬೇಕಿತ್ತು. ಬಂದಿಲ್ಲ, ಮೇಲೆ ಹೋಗಿದೆ."

ರಂಜಿತ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನಿಂಗರಾಜು ಪರದೆಯ ಹತ್ತಿರಕ್ಕೆ ಬಗ್ಗಿದ. ಆಗ ದ್ಯಾವಮ್ಮನಿಗೆ ತಡೆಯಲಾಗಲಿಲ್ಲ.

"ಸ್ವಾಮಿ, ನಂದು ಅಳೇ ಕಿಡ್ನಿ ಅಲ್ವಾ. ಅದ್ಕೇ ಇಂಗಾಯ್ತಾ ಅದಾ? ಅಂಗಿದ್ರೆ ಅಂಗೇ ಯೋಳ್ಬುಡಿ."

ಡಾಕ್ಟರು ಕಂಪ್ಯೂಟರು ಬಿಟ್ಟು ಕುರ್ಚಿಯನ್ನು ಅವಳ ಕಡೆ ತಿರುಗಿಸಿ ಕೂತರು. ಎಷ್ಟು ದಿನದಿಂದ ಈ ಪ್ರಶ್ನೆ ಹೊತ್ತುಕೊಂಡಿದ್ದೀರಿ ಎಂದು ಕೇಳುವ ಹಾಗೆ ನೋಡಿದರು.

"ಅಜ್ಜಿ, ನೀವು ಕೊಟ್ಟ ಕಿಡ್ನಿ ಚೆನ್ನಾಗಿ ಕೆಲಸ ಮಾಡ್ತಿದೆ. ರಕ್ತದ ರಿಪೋರ್ಟು ನೋಡಿ ಹೇಳ್ತಿದೀನಿ, ಸಮಾಧಾನಕ್ಕೆ ಅಲ್ಲ. ಬಿಪಿ ಏರೋಕೆ ಬೇರೆ ಬೇರೆ ಕಾರಣ ಇರುತ್ತೆ. ಹೊಸ ಕಿಡ್ನಿಯನ್ನ ಮೈ ತಳ್ಳಿಬಿಡದೆ ಇರಲಿ ಅಂತ ಕೊಡೋ ಮಾತ್ರೆಗಳೇ ಬಿಪಿ ಏರಿಸ್ತವೆ. ಅವನ್ನ ನಿಲ್ಲಿಸೋ ಹಾಗಿಲ್ಲ. ಉಪ್ಪು ಏರಿಸುತ್ತೆ. ಮೊದಲಿನ ಕಾಯಿಲೆ ದಿನಗಳ ಪೆಟ್ಟೂ ಇರುತ್ತೆ. ಇದು ಸುಮ್ಮನೆ ಬಿಟ್ಟರೆ ಹೃದಯಕ್ಕೂ ಕಿಡ್ನಿಗೂ ಹೊರೆ ಆಗ್ತಾ ಹೋಗುತ್ತೆ. ಈಗ ಕೈಗೆ ಸಿಕ್ಕಿದೆ, ಇಳಿಸೋಣ."

ರಾತ್ರಿ ಗೊರಕೆ ಹೊಡೆಯುತ್ತಾಳಾ, ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತಾ ಎಂದು ಕೇಳಿದರು. ಇಲ್ಲ ಎಂದಳು ದ್ಯಾವಮ್ಮ. ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಬಿಪಿಯ ಮಾತ್ರೆಯ ಜೊತೆ ಇನ್ನೊಂದು ಸೇರಿಸಿ, ಅದನ್ನು ಸಂಜೆ ಊಟದ ಹೊತ್ತಿಗೆ ಕೊಡಲು ಹೇಳಿದರು. ಎಲ್ಲ ಮಕ್ಕಳಿಗೂ ಹೀಗೇ ಅಂತಲ್ಲ, ಇವಳಿಗೆ ಹೇಗೆ ಒಗ್ಗುತ್ತದೋ ನೋಡಿ ಮುಂದಿನದು ಎಂದರು. ಆಮೇಲೆ ಉಪ್ಪಿನ ಮಾತಿಗೆ ಬಂದರು. ಉಪ್ಪಿನಕಾಯಿ, ಹಪ್ಪಳ, ಪ್ಯಾಕೆಟ್ಟಿನ ಚಿಪ್ಸು ಬೇಡವೇ ಬೇಡ. ಅಡುಗೆಯಲ್ಲೂ ಕಮ್ಮಿ.

"ನಮ್ಮಂಗ್ಡಿ ಪಕ್ಕದ ಸೂಪರ್‌ ಮಾರ್ಕೆಟ್ಟಲ್ಲಿ ಅದೇನೋ ಬಿಪಿ ಇರೋರ್ಗೆ ಅಂತ ಬೇರೆ ಉಪ್ಪು ಮಾರ್ತಾರೆ ಸಾರ್. ಅದು ತಂದ್ರೆ?" ನಿಂಗರಾಜು ಕೇಳಿದ. ಅವನಿಗೆ ಶ್ರೀರಂಗಪಟ್ಟಣದ ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸ.

"ಒಳ್ಳೇದಾಯ್ತು ಕೇಳಿದ್ದು. ಅದನ್ನ ತರಲೇಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ, ಇವಳಿಗೆ ಅಪಾಯ. ಮಾಮೂಲಿ ಉಪ್ಪೇ ಸಾಕು, ಕೈ ಬಿಗಿ ಹಿಡೀರಿ."

ಎಲ್ಲರೂ ಏಳುವಾಗ ಡಾಕ್ಟರು ದ್ಯಾವಮ್ಮನನ್ನು ತಡೆದರು. "ಅಜ್ಜಿ, ಇವಳ ಬಿಪಿ ನಾನು ನೋಡಿದೆ. ನಿಮ್ಮದು ಯಾರು ನೋಡ್ತಿದಾರೆ?"

ರಂಜಿತ ಅತ್ತೆಯ ಮುಖ ನೋಡಿದಳು. "ಕರೆದ್ರೂ ಬರಲ್ಲ ಸಾರ್ ಇವ್ರು," ಎಂದಳು ಮೆಲ್ಲಗೆ.

ಡಾಕ್ಟರು ದ್ಯಾವಮ್ಮನನ್ನು ಕೂರಿಸಿ, ಕೊಂಚ ಹೊತ್ತು ಮಾತು ನಿಲ್ಲಿಸಿ, ಪಟ್ಟಿ ಸುತ್ತಿ ನೋಡಿದರು. ಮತ್ತೊಮ್ಮೆ ನೋಡಿದರು. ಏರಿತ್ತು. ಅಲ್ಲೇ ಪಕ್ಕದ ಕೋಣೆಯ ದೊಡ್ಡವರ ಕಿಡ್ನಿ ಡಾಕ್ಟರ ಹತ್ತಿರ ಕಳಿಸಿದರು. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಸಾಯಂಕಾಲದ ಹೊತ್ತಿಗೆ ಎಲ್ಲ ರಿಪೋರ್ಟು ಬಂತು. ಉಳಿದ ಕಿಡ್ನಿ ಗಟ್ಟಿಯಾಗಿದೆ, ಇಬ್ಬರ ಕೆಲಸ ಒಬ್ಬ ಮಾಡುವ ಹಾಗೆ ದುಡಿಯುತ್ತಿದೆ ಎಂದರು ಆ ಡಾಕ್ಟರಮ್ಮ. ಬಿಪಿ ವಯಸ್ಸಿನಿಂದ ಬಂದದ್ದಿರಬಹುದು, ಒಂದು ಮಾತ್ರೆಯಲ್ಲಿ ಹಿಡಿತಕ್ಕೆ ಬರುತ್ತದೆ, ಹೀಗೇ ಇನ್ನಷ್ಟು ವರ್ಷ ತೋರಿಸದೇ ಇದ್ದಿದ್ದರೆ ಮಾತ್ರ ಆ ಕಿಡ್ನಿಗೆ ಪೆಟ್ಟು ಬೀಳುತ್ತಿತ್ತು ಎಂದೂ ಹೇಳಿದರು. "ಮೊಮ್ಮಗಳ ನೆಪದಲ್ಲಿ ಬಂದ್ರಿ. ಒಳ್ಳೇದಾಯ್ತು."

ಹೊರಗೆ ಬಂದ ದ್ಯಾವಮ್ಮ ಕಾರಿಡಾರಿನ ಬೆಂಚಿನಲ್ಲಿ ಗಂಡನ ಪಕ್ಕ ಕೂತಳು. ಎರಡು ವರ್ಷದಿಂದ ಹೊತ್ತಿದ್ದ ಹೊರೆ ಇಳಿದದ್ದಕ್ಕೋ, ಬೆಳಗಿನಿಂದ ಒಂದು ಲೋಟ ಕಾಫಿಯಲ್ಲೇ ಇದ್ದದ್ದಕ್ಕೋ, ಕಣ್ಣಲ್ಲಿ ನೀರು ತಾನಾಗಿ ಇಳಿಯಿತು. ಕರಿಯಪ್ಪ ಗಾಬರಿಯಾದ.

"ಏನಂತೆ? ಏನಂದ್ರು?"

"ಚೆನ್ನಾಗ್ ಅದಂತೆ ಕಣಿ. ನಂದೂ ಚೆನ್ನಾಗ್ ಅದಂತೆ, ಮಗೀಂದೂ ಚೆನ್ನಾಗ್ ಅದಂತೆ."

"ಮತ್ಯಾಕೆ ಅಳ್ತೀಯೆ?"

"ಗೊತ್ತಿಲ್ಲ, ಬುಡಿ."

ಮನೆಗೆ ಬಂದ ಮೇಲೆ ಉಪ್ಪಿನ ಕಷ್ಟ ಶುರುವಾಯಿತು. ಆ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಉಪ್ಸಾರು. ಸೊಪ್ಪೋ ಕಾಳೋ ಬೇಯಿಸಿದ ನೀರಿಗೆ ಉಪ್ಪು ಹಾಕಿ, ಕಲ್ಲಿನಲ್ಲಿ ಅರೆದ ಖಾರ ಕಲಸಿ, ಮುದ್ದೆ ನುಂಗುವುದು. ಹೆಸರಿನಲ್ಲೇ ಉಪ್ಪಿರುವ ಸಾರಿನಿಂದ ಉಪ್ಪು ತೆಗೆಯುವುದೆಂದರೆ ಹೇಗೆ? ರಂಜಿತ ಮಗಳಿಗೆ ಮೊದಲಿನಿಂದಲೂ ಬೇರೆ ಪಾತ್ರೆಯಲ್ಲೇ ಮಾಡುತ್ತಿದ್ದಳು. ಈಗ ಅದರಲ್ಲಿ ಇನ್ನೂ ಕಮ್ಮಿ ಮಾಡಿದಳು. ಸ್ನೇಹ ಎರಡು ದಿನ ತಿಂದಳು. ಮೂರನೆಯ ದಿನ ತಟ್ಟೆ ಸರಿಸಿದಳು.

"ಎಲ್ರೂ ಅದು ತಿಂತೀರಾ. ನಂಗೊಬ್ಳಿಗೇ ಆಸ್ಪತ್ರೆ ಊಟ. ನಾನು ಯಾವತ್ತೂ ಬೇರೇನೇ."

ಅವಳು ಅತ್ತಿರಲಿಲ್ಲ, ಕೂಗಿರಲಿಲ್ಲ. ಎಷ್ಟೋ ದಿನದಿಂದ ಗೊತ್ತಿದ್ದ ವಿಷಯವನ್ನು ಹೇಳಿದ ಹಾಗೆ ಹೇಳಿದಳು. ಎದುರಿಗೆ ಕೂತಿದ್ದ ಕರಿಯಪ್ಪ ಆಗತಾನೇ ಮುದ್ದೆ ಮುರಿದಿದ್ದ. ಸಾರಿನಲ್ಲಿ ಉಪ್ಪು ಒಂದು ಕಣ ಕಮ್ಮಿಯಾದರೂ ತಟ್ಟೆ ಬಿಟ್ಟು ಏಳುವವನು ಅವನು, ಮದುವೆಯಾದಾಗಿನಿಂದ ದ್ಯಾವಮ್ಮ ಬಲ್ಲಳು. ಅವನು ತನ್ನ ತಟ್ಟೆಯ ಸಾರನ್ನು ಪಕ್ಕದ ಖಾಲಿ ಬಟ್ಟಲಿಗೆ ಸುರಿದ.

"ಅಮ್ಮಣ್ಣಿ, ಆ ಮಗೀನ್ ಸಾರು ನಂಗೂ ಬುಡವ್ವ," ಎಂದ ಸೊಸೆಗೆ.

"ಮಾವ, ಅದು ನಿಮಗೆ ಸೇರಕಿಲ್ಲ."

"ಸೇರ್‌ತದೋ ಇಲ್ವೋ ನನ್ ನಾಲಗೆ ತಾನೆ. ನಾಳಿಂದ ಒಂದೇ ಮಡಕೆ. ಎಲ್ರೂ ಇದ್ನೇ ಉಣ್ಣದು. ನಿಮ್ಮತ್ತೇಗೂ ಉಪ್ಪು ಬ್ಯಾಡ ಅಂದವ್ರೆ, ನಿನ್ ಗಂಡುಂಗೂ ಸಕ್ಕರೆ ಕಾಯ್ಲೆ. ಗಟ್ಟಿಯಾಗಿರೋನು ನಾನೊಬ್ಬ. ನಾನೊಬ್ಬ ಉಪ್ಪು ತಿಂದು ಏನ್ ಮಾಡ್ಲಿ?"

ತಿಂದ. ಮೊದಲ ತುತ್ತಿಗೆ ಮುಖ ಹುಳ್ಳಗಾಯಿತು. ಸ್ನೇಹ ನೋಡುತ್ತಿದ್ದಳು. ಎರಡನೇ ತುತ್ತಿಗೆ ಕಷ್ಟಪಟ್ಟು ತಲೆ ಆಡಿಸಿ, "ಪರ್ವಾಗಿಲ್ಲ, ಕಾಳಿನ್ ರುಚಿ ಈಗ ಗೊತ್ತಾಯ್ತಾ ಅದೆ," ಎಂದ. ಸ್ನೇಹ ನಕ್ಕುಬಿಟ್ಟಳು. ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು.

ಅಂದಿನಿಂದ ರಂಜಿತ ಖಾರಕ್ಕೆ ಬೆಳ್ಳುಳ್ಳಿ, ಮೆಣಸು, ಜೀರಿಗೆ ಜಾಸ್ತಿ ಹಾಕಿ, ಹುಣಸೆಹುಳಿ ಏರಿಸಿ, ನಾಲಗೆಯನ್ನು ಹೇಗೋ ಏಮಾರಿಸಲು ಕಲಿತಳು. ಕೆ.ಆರ್. ಪೇಟೆಯಿಂದ ಅವಳ ತಾಯಿ ಮಾಯಮ್ಮ ವರ್ಷವೂ ಜಾಡಿಗಟ್ಟಲೆ ಮಾವಿನ ಉಪ್ಪಿನಕಾಯಿ ಕಳಿಸುತ್ತಿದ್ದಳು. ಈ ಸಲ ಫೋನು ಮಾಡಿ, "ಉಪ್ಪಿನಕಾಯಿ ಆಕಿಲ್ಲ ಕಣವ್ವ. ಮಗೀಗೆ ಬ್ಯಾಡ ಅಂದ್ಮೇಲೆ ಇಲ್ಲೂ ತಿಂದ್ರೆ ಗಂಟ್ಲಲ್ಲಿ ಇಳಿಯಾಕಿಲ್ಲ" ಎಂದಳು. ದೀಪಾವಳಿ ಕಳೆದ ಮೇಲೆ ನಾಗಮಂಗಲದ ನೆಂಟರ ಮನೆಯ ಬೀಗರೂಟಕ್ಕೆ ಹೋದರೆ, ಯಾರು ಹೇಳಿದ್ದರೋ, ಅಡುಗೆಯವರು ಇವರ ಎಲೆಗಳಿಗೆಂದು ಸಣ್ಣ ಬೋಸಿಯಲ್ಲಿ ಬೇರೆ ಸಾರು ಇಟ್ಟಿದ್ದರು. ಕರಿಯಪ್ಪ ಅಷ್ಟು ದೊಡ್ಡ ಬಾಡೂಟದಲ್ಲಿ ಮೊಮ್ಮಗಳ ಪಕ್ಕ ಕೂತು ಆ ಸಪ್ಪೆ ಸಾರನ್ನೇ ಉಂಡ. ದ್ಯಾವಮ್ಮ ದೂರದ ಪಂಕ್ತಿಯಿಂದ ನೋಡಿದಳು. ಇವನ ಜೊತೆ ಇಷ್ಟು ವರ್ಷ ಬಾಳಿದ್ದೂ ಇವನೊಳಗೆ ಇಂಥದ್ದೊಂದು ಇದೆಯೆಂದು ಕಂಡಿರಲಿಲ್ಲ ಎನ್ನಿಸಿತು.

ಮಾತ್ರೆಯ ವಿಷಯದಲ್ಲಿ ಯಜಮಾನಿಕೆ ಸ್ನೇಹಳದ್ದು. ಸಂಜೆ ಊಟದ ಹೊತ್ತಿಗೆ ತನ್ನದನ್ನು ನುಂಗಿ, ಅಜ್ಜಿಯದನ್ನು ಅಂಗೈಗೆ ಹಾಕುತ್ತಿದ್ದಳು. ನಿಂಗರಾಜು ಮನೆಗೇ ಒಂದು ಬಿಪಿ ಮಿಷನ್ನು ತಂದ ಮೇಲಂತೂ ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿ, "ಮಾತಾಡ್ಬಾರ್ದು ಅಜ್ಜಿ, ಮಾತಾಡಿದ್ರೆ ಏರುತ್ತೆ" ಎಂದು ಗದರುತ್ತಿದ್ದಳು. ದ್ಯಾವಮ್ಮ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳು. ಅವಳಿಗೆ ಆ ಹೊತ್ತು ಇಷ್ಟವಾಗುತ್ತಿತ್ತು. ಹಿಂದೆ ಡಯಾಲಿಸಿಸ್ ದಿನಗಳಲ್ಲಿ ಇದೇ ಮಗು ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಯಾರ ಜೊತೆಗೂ ಮಾತಾಡದೆ ಮಲಗಿರುತ್ತಿತ್ತು. ಈಗ ತನ್ನನ್ನು ಗದರುವಷ್ಟು ಜೀವ ಅದಕ್ಕೆ ಬಂದಿದೆ.

ಎಲ್ಲ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಹೊಸ ಮಾತ್ರೆಯಿಂದ ಸ್ನೇಹಳಿಗೆ ಬೆಳಿಗ್ಗೆ ಎದ್ದಾಗ ತಲೆ ಸುತ್ತಿತು. ಒಂದು ದಿನ ಬಚ್ಚಲ ಬಾಗಿಲು ಹಿಡಿದುಕೊಂಡು ಕೂತುಬಿಟ್ಟಳು. ರಂಜಿತ ಹೆದರಿ ಫೋನು ಮಾಡಿದಳು. ಡಾಕ್ಟರು ಮಾತ್ರೆ ನಿಲ್ಲಿಸಬೇಡಿ ಎಂದು ಹೇಳಿ, ಅದೇ ದಿನ ಕರೆಸಿಕೊಂಡು ಪ್ರಮಾಣ ಇಳಿಸಿದರು, ನಂತರ ಸ್ವಲ್ಪ ಸ್ವಲ್ಪವಾಗಿ ಏರಿಸಿದರು. ಆಮೇಲೆ ತಲೆ ಸುತ್ತು ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮತ್ತೊಮ್ಮೆ ಹಗಲು-ರಾತ್ರಿಯ ಮಿಷನ್ನು ಕಟ್ಟಿದರು. ವಾಪಸ್ಸು ಕೊಟ್ಟ ದಿನ ಶನಿವಾರ. ಈ ಸಲ ಕರಿಯಪ್ಪನೂ ಒಳಗೇ ಬಂದು ನಿಂತ. ಡಾಕ್ಟರ್ ರವೀಂದ್ರ ಪರದೆ ತಿರುಗಿಸುವ ಮೊದಲೇ ಅವರ ಮುಖದಲ್ಲಿ ವಿಷಯ ಗೊತ್ತಾಗುತ್ತಿತ್ತು.

"ಇಳಿದಿದೆ," ಅಂದರು. "ಪೂರ್ತಿ ನಾನು ಅಂದುಕೊಂಡಷ್ಟಲ್ಲ, ಇನ್ನೂ ಸ್ವಲ್ಪ ಕೆಲಸ ಇದೆ. ಆದರೆ ರಾತ್ರಿ ಈಗ ರಾತ್ರಿ ಥರ ಇದೆ. ಹೃದಯದ ಸ್ಕ್ಯಾನು ಮುಂದಿನ ಸಲ ಮಾಡೋಣ, ಅದೂ ಸರಿಯಾಗೋ ದಾರೀಲಿದೆ ಅಂತ ನನ್ನ ನಂಬಿಕೆ. ಇಷ್ಟು ಚೆನ್ನಾಗಿ ಪಥ್ಯ ಮಾಡಿಸಿದೋರು ಯಾರು?"

ಸ್ನೇಹ ತಾತನ ಕಡೆ ಬೆರಳು ತೋರಿಸಿದಳು. ಕರಿಯಪ್ಪ ಟವೆಲ್ಲನ್ನು ಹೆಗಲಿಂದ ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡ. ಬಗ್ಗಿ ಡಾಕ್ಟರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಡಾಕ್ಟರು ಅವನ ಭುಜ ತಟ್ಟಿದರು.

ಬರುವಾಗ ಶ್ರೀರಂಗಪಟ್ಟಣದಲ್ಲಿ ಇಳಿದು, ನಿಂಗರಾಜು ಗೆಳೆಯನೊಬ್ಬನ ಆಟೋ ಹಿಡಿದು ಎಲ್ಲರನ್ನೂ ಕರಿಘಟ್ಟದ ಬೆಟ್ಟದ ಗುಡಿಗೆ ಕರೆದುಕೊಂಡು ಹೋದ. ಶನಿವಾರವಾದ್ದರಿಂದ ಜನ ಇದ್ದರು. ದರ್ಶನದ ಸಾಲು ನಿಧಾನವಾಗಿ ಸರಿಯಿತು. ದ್ಯಾವಮ್ಮ ದೇವರ ಎದುರು ಕಣ್ಣು ಮುಚ್ಚಿದಾಗ ಅವಳಿಗೆ ದೇವರಿಗಿಂತ ಮೊದಲು ಮನುಷ್ಯರೇ ಕಂಡರು. ರಿಪೋರ್ಟನ್ನು ಕೈಯಲ್ಲೇ ಹಿಡಿದುಕೊಂಡು ಇನ್ನೊಮ್ಮೆ ನೋಡಿದ ಡಾಕ್ಟರು, ಬರೆಯುವ ಕೈ ಯಾವುದೆಂದು ಕೇಳಿ ಪಟ್ಟಿ ಕಟ್ಟಿದ ನರ್ಸಮ್ಮ, ತಾನು ಆಸ್ಪತ್ರೆಯಲ್ಲಿದ್ದಾಗ ಹಸು ಕರೆದುಕೊಟ್ಟ ಪಕ್ಕದ ಮನೆಯವರು, ನಾಗಮಂಗಲದಲ್ಲಿ ಬೇರೆ ಬೋಸಿ ಇಟ್ಟ, ಹೆಸರೂ ಗೊತ್ತಿಲ್ಲದ ಅಡುಗೆಯವನು. ಒಬ್ಬೊಬ್ಬರನ್ನೂ ನೆನೆದುಕೊಂಡು ನಿಂತವಳನ್ನು ಹಿಂದಿನವರು ಮೆಲ್ಲಗೆ ಮುಂದೆ ತಳ್ಳಬೇಕಾಯಿತು.

ಹೊರಗೆ ಬಂದು ಬಂಡೆಯ ಮೇಲೆ ಕೂತರು. ಕೆಳಗೆ ಗದ್ದೆಗಳ ನಡುವೆ ಲೋಕಪಾವನಿ ಹೊಳೆ ಬಂದು ಕಾವೇರಿಗೆ ಸೇರುವುದು ಕಾಣುತ್ತಿತ್ತು. ಗಾಳಿ ಚೆನ್ನಾಗಿತ್ತು. ಸ್ನೇಹ ಅಜ್ಜಿಗೆ ಒತ್ತಿಕೊಂಡು ಕೂತು ಕೇಳಿದಳು:

"ಅಷ್ಟೊತ್ತು ನಿಂತಿದ್ಯಲ್ಲ, ಏನ್ ಕೇಳ್ಕೊಂಡೆ ಅಜ್ಜಿ?"

"ಏನೂ ಕೇಳ್ನಿಲ್ಲ ಕಣವ್ವ. ಕೇಳಾಕೆ ಏನೂ ಉಳ್ದಿರ್ನಿಲ್ಲ. ಯಾರ್ಯಾರು ಏನೇನ್ ಮಾಡುದ್ರು ಅಂತ ಯೋಳ್ಬುಟ್ಟು ಬಂದೆ."

"ನನ್ ಹೆಸ್ರೂ ಹೇಳ್ದ್ಯಾ?"

"ಯೋಳ್ದೆ. ನಮ್ ಕೂಸು ದಿನಾ ಮಾತ್ರೆ ಕೊಡ್ತದೆ, ಗದರ್ಕತದೆ ಅಂತ್ಲೂ ಯೋಳ್ದೆ."

ಸ್ನೇಹಳಿಗೆ ಸಮಾಧಾನವಾಯಿತು. ಕರಿಯಪ್ಪ ಎದ್ದು ಪಂಚೆ ಕೊಡವಿಕೊಂಡು, ಹಾಲು ಕರೆಯುವ ಹೊತ್ತಾಗುತ್ತದೆ, ಹಸು ಕೂಗುತ್ತಿರುತ್ತವೆ ಎಂದ. ಅವರೆಲ್ಲ ಮೆಟ್ಟಿಲ ಕಡೆ ನಡೆದರು. ಇಳಿಯುವಾಗ ದ್ಯಾವಮ್ಮನ ಒಂದು ಕೈ ಗಂಡನ ಭುಜದ ಮೇಲಿತ್ತು, ಇನ್ನೊಂದನ್ನು ಸ್ನೇಹ ಹಿಡಿದುಕೊಂಡಿದ್ದಳು.